ಹೊಂಗೆ ಸಸಿ ಮನೆಯಂಗಳದಲ್ಲೇ: ಬೀಜ ಆಯುವುದರಿಂದ ಕಸಿ ಕಟ್ಟುವವರೆಗೆ, ಕೈ ಸುಡದ ಖರ್ಚಿನಲ್ಲಿ

ಜೈವಿಕ ಇಂಧನಕ್ಕಾಗಿ ಹೊಂಗೆ ಹಾಕಬೇಕು ಅಂದವರು ನನ್ನ ಮುಂದಿಡುವ ದೂರುಗಳು ಮೂರೇ. ಬೀಜ ಹಾಕಿದೆ, ಹತ್ತರಲ್ಲಿ ಎರಡೂ ಹುಟ್ಟಲಿಲ್ಲ. ಕಸಿ ಕಟ್ಟಿದೆ, ಚಿಗುರಿ ಒಂದೇ ವಾರಕ್ಕೆ ಒಣಗಿತು. ನರ್ಸರಿಯಿಂದ ತಂದು ನೆಟ್ಟೆ, ಎರಡು ವರ್ಷವಾದರೂ ಇದ್ದಷ್ಟೇ ಎತ್ತರ. ನೀರು ಸಾಲಲಿಲ್ಲ, ಗೊಬ್ಬರ ಸಾಲಲಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಬಹುಪಾಲು ತಪ್ಪು ಆಗುವುದು ಬೇರೆ ಕಡೆ: ಹಳೇ ಬೀಜ, ಚಿಕ್ಕ ಚೀಲ, ಮುಂದೆ ಮಾಡಬೇಕಾದ್ದನ್ನು ಹಿಂದೆ ಮಾಡುವುದು. ಅದಕ್ಕೇ ಇಲ್ಲಿ ಕೆಲಸದ ಸರದಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇಲ್ಲಿರುವ ಲೆಕ್ಕವೆಲ್ಲ 500 ಸಸಿಗೆ. ಎಕರೆಗೆ 5 ಮೀಟರ್ ಅಂತರದಲ್ಲಿ ಸುಮಾರು 160 ಗಿಡ ಹಿಡಿಯುತ್ತವೆ. ಬರೀ ಬದುವಿಗೆ ಹಾಕುವವರಿಗೆ ಇನ್ನೂ ಕಡಿಮೆ ಸಾಕು. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಸೇರಿ ಮಾಡಿದರೆ 500 ಸರಿಯಾದ ಸಂಖ್ಯೆ.

## ಮೊದಲು ತಿಂಗಳ ಲೆಕ್ಕ

ಕೆಲಸವನ್ನು ಬೀಜದಿಂದ ಶುರು ಮಾಡಬೇಡಿ, ನಾಟಿಯ ದಿನದಿಂದ ಹಿಂದಕ್ಕೆ ಎಣಿಸಿ. ಬಯಲುಸೀಮೆಯಲ್ಲಿ ನಾಟಿ ಆಗಬೇಕಾದ್ದು ಜೂನ್ ಕೊನೆ, ಜುಲೈ ಹೊತ್ತಿಗೆ, ನೆಲ ಒಂದಡಿ ಆಳಕ್ಕೆ ನೆನೆದ ಮೇಲೆ. ಆಗ ಸಸಿಗೆ ನಾಲ್ಕರಿಂದ ಐದು ತಿಂಗಳು ತುಂಬಿರಬೇಕು, ಒಂದರಿಂದ ಒಂದೂವರೆ ಅಡಿ ಎತ್ತರ ಬಂದಿರಬೇಕು. ಅಂದರೆ ಬಿತ್ತನೆ ಫೆಬ್ರವರಿ ಮೊದಲ ಹದಿನೈದು ದಿನದೊಳಗೆ, ಕಾಯಿ ಆಯುವುದು ಜನವರಿಯಲ್ಲಿ. ಪ್ರಕೃತಿಯೂ ಇದಕ್ಕೇ ಒಗ್ಗಿಕೊಂಡಿದೆ. ಹೋದ ಬೇಸಿಗೆಯ ಹೂವು ಕಾಯಿಯಾಗಿ ಬಲಿಯಲು ಹತ್ತು ಹನ್ನೊಂದು ತಿಂಗಳು ಬೇಕು, ಹಾಗಾಗಿ ಜನವರಿಯಿಂದ ಏಪ್ರಿಲ್‌ವರೆಗೆ ಮರದಲ್ಲಿ ಬಲಿತ ಕಾಯಿ ಸಿಗುತ್ತದೆ.

ಕಸಿಗೆ ಬೇರೆ ಲೆಕ್ಕ. ಬೇರುಸಸಿ, ಅಂದರೆ ಕಸಿ ಕೂರಿಸಲು ಬೀಜದಿಂದ ಬೆಳೆಸಿದ ಸಸಿ, ಪೆನ್ಸಿಲ್ ದಪ್ಪಕ್ಕೆ ಬರಲು ಎಂಟು ಹತ್ತು ತಿಂಗಳಾದರೂ ಹಿಡಿಯುತ್ತದೆ. ಅದರ ಮೇಲೆ ಕೂರಿಸುವ ಒಳ್ಳೇ ಮರದ ಕೊಂಬೆತುದಿ, ಅಂದರೆ ಕಸಿಕಡ್ಡಿ, ಚೆನ್ನಾಗಿ ಸಿಗುವುದು ಶಿವರಾತ್ರಿಯ ಹಿಂದೆಮುಂದೆ, ಹಳೇ ಎಲೆ ಹಣ್ಣಾಗಿ ಉದುರುತ್ತಾ ಹೊಸ ಕಣ್ಣು ಉಬ್ಬುವ ಕಾಲಕ್ಕೆ. ಇಲ್ಲಿ ಎರಡು ದಾರಿ:

1. ಫೆಬ್ರವರಿಯಲ್ಲಿ ಬಿತ್ತಿ, ಜುಲೈನಲ್ಲಿ ಬೀಜದ ಸಸಿಯನ್ನೇ ಹೊಲದಲ್ಲಿ ನೆಟ್ಟು, ಮುಂದಿನ ಶಿವರಾತ್ರಿಗೆ ಹೊಲದಲ್ಲೇ ಕಸಿ ಕಟ್ಟುವುದು.
2. ಏಪ್ರಿಲ್‌ನಲ್ಲಿ ದೊಡ್ಡ ಚೀಲಕ್ಕೆ ಬಿತ್ತಿ, ಮುಂದಿನ ಫೆಬ್ರವರಿ–ಮಾರ್ಚ್‌ನಲ್ಲಿ ಚೀಲದಲ್ಲೇ ಕಸಿ ಕಟ್ಟಿ, ಮಳೆಗಾಲಕ್ಕೆ ನೆಡುವುದು.

ಸ್ವಂತ ಹೊಲಕ್ಕಾದರೆ ನನ್ನ ಓಟು ಮೊದಲನೆಯದಕ್ಕೆ. 6×9 ಇಂಚಿನ ಚೀಲ ಸಾಕು, ಒಂದಿಡೀ ಬೇಸಿಗೆ ನೀರು ಹೊರುವುದು ತಪ್ಪುತ್ತದೆ, ತಾಯಿಬೇರು ಅಷ್ಟರಲ್ಲಿ ನೆಲ ಹಿಡಿದಿರುತ್ತದೆ. ಕಸಿ ಸಸಿ ಮಾರಬೇಕು ಅನ್ನುವವರಿಗೆ ಮಾತ್ರ ಎರಡನೆಯದು.

## ಜೋಡಿಸಿಕೊಳ್ಳಬೇಕಾದ ಸಾಮಾನು

500 ಒಳ್ಳೇ ಸಸಿ ಕೈಗೆ ಬರಬೇಕಾದರೆ 600 ಚೀಲ ತುಂಬಬೇಕು. 6×9 ಇಂಚಿನ ಚೀಲ ಒಂದಕ್ಕೆ ಸುಮಾರು ಒಂದೂವರೆ ಲೀಟರ್ ಮಣ್ಣು ಹಿಡಿಯುತ್ತದೆ, ಒಟ್ಟು 900 ಲೀಟರ್. ಗಾರೆ ಕೆಲಸದ ಬಾಂಡ್ಲಿಯನ್ನು 15 ಲೀಟರ್ ಅಂತ ಹಿಡಿದರೆ 60 ಬಾಂಡ್ಲಿ. ಅದರಲ್ಲಿ ಕೆಂಪುಮಣ್ಣು 30, ಮರಳು 15, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ 15. ಇದರ ಜೊತೆಗೆ:

- ಹೊಂಗೆ ಹಿಂಡಿ 6 ಕೆ.ಜಿ., ಅಂದರೆ ಹತ್ತು ಬಾಂಡ್ಲಿ ಮಣ್ಣಿಗೆ ಒಂದು ಕೆ.ಜಿ.
- ಹಳೇ ಹೊಂಗೆ ಮರದ ಬುಡದ ಮಣ್ಣು ಎರಡು ಬಾಂಡ್ಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.
- ಹಳೇ ಗೋಣಿಚೀಲ ನಾಲ್ಕು, ರೋಸ್ ಕ್ಯಾನ್ (ಜರಡಿ ಬಾಯಿಯ ನೀರಿನ ಡಬ್ಬ) ಒಂದು.
- ತೆಂಗಿನ ಗರಿ ಅಥವಾ ಹಳೇ ಸೀರೆ, ನೆರಳಿಗೆ. ಶೇಡ್ ನೆಟ್ ಇದ್ದರೆ ಸರಿ, ಇದಕ್ಕೋಸ್ಕರ ಕೊಳ್ಳಬೇಡಿ.
- ಕಸಿಗೆ ಹರಿತವಾದ ಚಾಕು, ಸಿಕೇಚರ್ (ಕೊಂಬೆ ಕತ್ತರಿಸುವ ಕತ್ತರಿ), ಎರಡು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿ, ಐಸ್ ಕ್ಯಾಂಡಿ ಕವರ್.

ಜಾಗ ಬೇಕಾದ್ದು 3 ಅಡಿ ಅಗಲ, 23 ಅಡಿ ಉದ್ದದ ಒಂದು ಪಟ್ಟಿ, ಅಷ್ಟೇ. 3 ಅಡಿಗಿಂತ ಅಗಲ ಮಾಡಿದರೆ ನಡುವಿನ ಚೀಲಕ್ಕೆ ಕೈ ಎಟುಕದು, ಕಳೆ ಅಲ್ಲೇ ಉಳಿಯುತ್ತದೆ.

ಹಾಲಿನ ಪ್ಯಾಕೆಟ್ ಉಪಯೋಗಿಸಬಹುದಾ ಅಂತ ಕೇಳುತ್ತಾರೆ. ಅರ್ಧ ಲೀಟರಿನದು ಬೇಡವೇ ಬೇಡ. ಒಂದು ಲೀಟರಿನದಾದರೆ ತೊಳೆದು, ಕೆಳಗಿನ ಎರಡು ಮೂಲೆ ಕತ್ತರಿಸಿ ಬಳಸಬಹುದು, ಆದರೆ ಮೂರೂವರೆ ತಿಂಗಳಿಗೆ ಮೇಲೆ ಸಸಿಯನ್ನು ಅದರಲ್ಲಿ ಉಳಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಪ್ಯಾಕೆಟ್ಟಿಗಾದರೆ ಮಾರ್ಚ್ ಮಧ್ಯಕ್ಕೆ ಬಿತ್ತಿ.

## ಹಂತ 1: ಮರ ಗುರುತು ಮಾಡುವುದು

ಬೀಜಕ್ಕೆ ಒಂದು ಮರ, ಕಸಿಕಡ್ಡಿಗೆ ಇನ್ನೊಂದು ಮರ ಆದರೂ ನಡೆಯುತ್ತದೆ. ಬೀಜದ ಮರ ಗಟ್ಟಿಮುಟ್ಟಾಗಿ, ರೋಗವಿಲ್ಲದೆ, ದಪ್ಪ ಬೀಜ ಕೊಡುವಂತಿದ್ದರೆ ಸಾಕು. ಕಸಿಕಡ್ಡಿಯ ಮರದ ವಿಷಯದಲ್ಲಿ ಮಾತ್ರ ಉದಾಸೀನ ಮಾಡಬೇಡಿ.

ಹೊಂಗೆ ಪರಾಗಸ್ಪರ್ಶಕ್ಕೆ ಜೇನು, ದುಂಬಿಗಳನ್ನು ನೆಚ್ಚಿದ ಮರ. ಹಾಗಾಗಿ ಬೀಜದಿಂದ ಹುಟ್ಟಿದ ಗಿಡ ತಾಯಿಯಂತೆಯೇ ಇರುತ್ತದೆ ಅನ್ನುವ ಭರವಸೆಯಿಲ್ಲ. ಒಂದೇ ಮರದ ಬೀಜದಿಂದ ಬಂದ ಗಿಡಗಳಲ್ಲಿ ಕೆಲವಷ್ಟೇ ಕಾಯಿಯಿಂದ ಬಾಗುತ್ತವೆ, ಉಳಿದವು ನೆರಳಿಗಷ್ಟೇ. ಬೀಜದ ಗಿಡ ಕಾಯಿ ಬಿಡಲು ಐದರಿಂದ ಏಳು ವರ್ಷ ಕಾಯಿಸಿದರೆ, ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಹೂ ಕಾಣುತ್ತದೆ.

ಒಳ್ಳೇ ಮರ ಯಾವುದು ಅಂತ ತಿಳಿಯಲು ಪ್ರತಿವರ್ಷ ಹೊಂಗೆ ಬೀಜ ಆಯುವ ಹೆಂಗಸರನ್ನು ಕೇಳಿ. "ಆ ಕಟ್ಟೆ ಹತ್ರದ ಮರ ವರ್ಷ ತಪ್ಪಲ್ಲ" ಅನ್ನುವ ಅವರ ಮಾತಿಗೆ ಬೆಲೆಯಿದೆ. ಹೊಂಗೆ ಒಂದು ವರ್ಷ ಮುರಿಯುವಂತೆ ಬಿಟ್ಟು ಮರುವರ್ಷ ಮುನಿಸಿಕೊಳ್ಳುವುದುಂಟು. ಒಂದೇ ಸುಗ್ಗಿ ನೋಡಿ ಮರುಳಾದರೆ ಕೆಟ್ಟಿರಿ. ಮೂರು ವರ್ಷ ಬಿಡದೆ ಕಾಯಿ ಹಿಡಿದಿರುವ, ಹತ್ತು ವರ್ಷ ದಾಟಿದ ನಾಲ್ಕೈದು ಮರಗಳನ್ನು ಹುಡುಕಿ ಬಣ್ಣ ಹಚ್ಚಿ ಗುರುತಿಡಿ. ಒಂದೇ ಮರದ ಕಡ್ಡಿಯಿಂದ ಇಡೀ ತೋಟ ಮಾಡಬೇಡಿ. ಎಲ್ಲ ಗಿಡವೂ ಒಂದೇ ಮರದ ಪಡಿಯಚ್ಚಾದರೆ ಪರಕೀಯ ಪರಾಗ ಸಿಗದೆ ಕಾಯಿಕಟ್ಟು ಸೊರಗಬಹುದು.

ಎಲೆಯ ಮೇಲೆ ಸಣ್ಣ ಗಂಟು ಗಂಟಾಗಿ ಎದ್ದಿದ್ದರೆ ಅದು ನುಸಿಯ ಕೆಲಸ. ಮರದ ತುಂಬ ಹಾಗಿದ್ದರೆ ಅದರ ಕಡ್ಡಿ ತೆಗೆಯಬೇಡಿ.

## ಹಂತ 2: ಕಾಯಿ ಇಳಿಸಿ ಬೀಜ ಬಿಡಿಸುವುದು

ಕಾಯಿ ಹಸಿರು ಕಳೆದು ಕಂದುಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಹೊಂಗೆ ಕಾಯಿ ತಾನಾಗಿ ಬಿರಿಯುವುದಿಲ್ಲ, ಹಾಗಾಗಿ ಅವಸರವೂ ಇಲ್ಲ. ದೋಟಿಯಲ್ಲಿ ಮರದಿಂದ ಇಳಿಸಿದ್ದೇ ಮೇಲು. ನೆಲದ ಮೇಲೆ ಬಿದ್ದದ್ದರಲ್ಲಿ ಹೋದ ವರ್ಷದ್ದೂ ಸೇರಿರುತ್ತದೆ. ಬಣ್ಣ ಬೆಳ್ಳಗೆ ಬೂದಿಯಾಗಿ ಹಗುರವಾಗಿದ್ದರೆ ಅದು ಹಳತು.

ಮೂರು ಕೆ.ಜಿ. ಕಾಯಿ ಸಾಕು. ತೂಕದಲ್ಲಿ ಸುಮಾರು ಅರ್ಧ ಸಿಪ್ಪೆಗೆ ಹೋಗುತ್ತದೆ. ಉಳಿದ ಒಂದೂವರೆ ಕೆ.ಜಿ.ಯಲ್ಲಿ, ಕೆ.ಜಿ.ಗೆ ಸಾವಿರದ ಆಸುಪಾಸು ಅಂದರೂ, ಸಾವಿರದ ಐನೂರು ಬೀಜ. ಅದರಲ್ಲಿ ದಪ್ಪನೆಯ 800 ಆರಿಸಿಕೊಳ್ಳಿ, ಮಿಕ್ಕಿದ್ದು ಗಾಣಕ್ಕೆ.

ಮರದ ಸುತ್ತಿಗೆಯಿಂದ ಕಾಯಿಯ ಅಂಚಿಗೆ ಮೆಲ್ಲಗೆ ತಟ್ಟಿ ಬಿಡಿಸಿ. ಕಾಯಿಯ ಹೊಟ್ಟೆಗೆ ಹೊಡೆದರೆ ಬೀಜ ಎರಡು ಹೋಳಾಗುತ್ತದೆ. ಬಿಡಿಸಿದ ಬೀಜವನ್ನು ನೆರಳಲ್ಲಿ ಎರಡು ಮೂರು ದಿನ ಆರಿಸಿ. ಬಿತ್ತನೆಗೆ ಇನ್ನೂ ದಿನವಿದ್ದರೆ ಬಿಡಿಸಲೇಬೇಡಿ, ಕಾಯಿಯಲ್ಲೇ ಇಟ್ಟುಕೊಳ್ಳಿ. ಗೋಣಿಚೀಲದಲ್ಲಿ, ಗಾಳಿಯಾಡುವ ಅಟ್ಟದ ಮೇಲೆ ಇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಯಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ.

ಹೆಚ್ಚು ಜನ ಎಡವುವುದು ಇಲ್ಲೇ: ಮಂಡಿಯಿಂದ, ಎಣ್ಣೆ ವ್ಯಾಪಾರಿಯಿಂದ ಬೀಜ ತರುತ್ತಾರೆ. ಅಗ್ಗ ನಿಜ. ಆದರೆ ಅದು ಟಾರು ರಸ್ತೆಯ ಮೇಲೆ ಸುಡುಬಿಸಿಲಲ್ಲಿ ಒಣಗಿ, ರಾಶಿಯಲ್ಲಿ ಬೆವರಿ, ತಿಂಗಳುಗಟ್ಟಲೆ ಮೂಟೆಯಲ್ಲಿ ಕೂತ ಬೀಜ. ಗಾಣಕ್ಕೆ ಅದು ಸಾಕು, ಮೊಳಕೆಗೆ ಸಾಲದು. ಎಣ್ಣೆಬೀಜ ಹಳತಾದಷ್ಟೂ ಒಳಗೇ ಕಮಟುತ್ತದೆ.

ಪರೀಕ್ಷೆ ಹೀಗೆ: ಇಪ್ಪತ್ತು ಬೀಜ ಅಡ್ಡ ಕತ್ತರಿಸಿ. ಒಳಗೆ ಕೆನೆಬಣ್ಣ, ಗಟ್ಟಿ ತಿರುಳು ಇದ್ದರೆ ಜೀವ ಇದೆ. ಹಳದಿ-ಕಂದು ತಿರುಗಿ, ಕಮಟು ವಾಸನೆ ಬಂದರೆ ಬಿಡಿ. ಇಪ್ಪತ್ತರಲ್ಲಿ ಐದಕ್ಕಿಂತ ಜಾಸ್ತಿ ಕೆಟ್ಟಿದ್ದರೆ ಆ ಬೀಜವೇ ಬೇಡ. ನೀರಲ್ಲಿ ತೇಲಿಸಿ ನೋಡುವ ಪರೀಕ್ಷೆಯನ್ನು ಇಲ್ಲಿ ನಂಬಬೇಡಿ, ಎಣ್ಣೆ ತುಂಬಿದ ಒಳ್ಳೇ ಬೀಜವೂ ತೇಲುತ್ತದೆ.

## ಹಂತ 3: ಮಣ್ಣು ಹದ ಮಾಡಿ ಚೀಲ ತುಂಬುವುದು

ಬಿತ್ತನೆಗೆ ಹದಿನೈದು ದಿನ ಮೊದಲೇ ಮಣ್ಣು, ಮರಳು, ಗೊಬ್ಬರ, ಹಿಂಡಿ ಎಲ್ಲ ಬೆರೆಸಿ, ನೀರು ಚಿಮುಕಿಸಿ, ರಾಶಿ ಹಾಕಿ ಮುಚ್ಚಿಡಿ. ಹಿಂಡಿ ಕಳಿಯುವಾಗ ಬಿಸಿಯೇಳುತ್ತದೆ. ಇಂದು ಬೆರೆಸಿ ಇಂದೇ ಬಿತ್ತಿದರೆ ಮೊಳಕೆ ಬೆಂದುಹೋಗುತ್ತದೆ. ರಾಶಿಯೊಳಗೆ ಕೈ ಹಾಕಿ, ಬೆಚ್ಚಗಿದ್ದರೆ ಇನ್ನೂ ಕಾಯಿರಿ. ಗೆದ್ದಲು ಹತ್ತಿರ ಸುಳಿಯದಿರಲು ಈ ಹಿಂಡಿಯೇ ಸಾಕು, ಪುಡಿ ಔಷಧಿ ಬೇಕಿಲ್ಲ.

ಹಳೇ ಹೊಂಗೆ ಬುಡದ ಮಣ್ಣನ್ನು ರಾಶಿ ತಣ್ಣಗಾದ ಮೇಲೆ ಕೊನೆಗೆ ಬೆರೆಸಿ. ಹೊಂಗೆ ತೊಗರಿ, ಅಲಸಂದೆಯ ಬಳಗದ ಗಿಡ. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುತ್ತದೆ. ಆ ಗಂಟು ಕಟ್ಟಿಸುವ ಸೂಕ್ಷ್ಮಜೀವಿ ಈ ಮಣ್ಣಿನಿಂದ ಬರುತ್ತದೆ. ಅಂಗಡಿಯ ಯಾವ ಪೊಟ್ಟಣವೂ ಇಷ್ಟು ಅಗ್ಗ ಅಲ್ಲ.

ಚೀಲಕ್ಕೆ ತೂತು ಇದೆಯೇ ನೋಡಿಕೊಳ್ಳಿ. ಬರೀ ಪಕ್ಕದ ತೂತು ಸಾಲದು, ತಳದಲ್ಲೂ ನಾಲ್ಕು ಬೇಕು. ತುಂಬುವಾಗ ಎರಡು ಮೂರು ಸಲ ನೆಲಕ್ಕೆ ಕುಟ್ಟಿ. ಇಲ್ಲದಿದ್ದರೆ ನೀರು ಬಿದ್ದ ಮೇಲೆ ಮಣ್ಣು ಅರ್ಧಕ್ಕೆ ಕುಸಿದು, ಮೇಲಿನ ಅಂಚು ಮಡಚಿ ಸಸಿಯನ್ನು ಮುಚ್ಚುತ್ತದೆ. ಬಾಯಿಂದ ಅರ್ಧ ಇಂಚು ಕೆಳಗೆ ನಿಲ್ಲಿಸಿ. ಕಪ್ಪು ಎರೆಮಣ್ಣಿನ ಊರಿನವರು ಕೆಂಪುಮಣ್ಣು ಸಿಗಲಿಲ್ಲ ಅಂತ ಎರೆಯನ್ನೇ ತುಂಬಬೇಡಿ. ಅದು ಒಣಗಿದಾಗ ಬಿರುಕು, ನೆನೆದಾಗ ಕೆಸರು. ಬೇರೆ ದಾರಿಯಿಲ್ಲದಿದ್ದರೆ ಮರಳಿನ ಪಾಲನ್ನು ಎರಡರಷ್ಟು ಮಾಡಿ.

## ಹಂತ 4: ಮೊಳಕೆ ಕಟ್ಟಿ ಬಿತ್ತುವುದು

ಒಣಬೀಜವನ್ನು ನೇರ ಚೀಲಕ್ಕೆ ಹಾಕುವುದು ಹಲವರ ರೂಢಿ. ನಾನು ಅದನ್ನು ಬಿಟ್ಟು ಬಹಳ ಕಾಲವಾಯಿತು. ಖಾಲಿ ಚೀಲಗಳಿಗೆ ತಿಂಗಳುಗಟ್ಟಲೆ ನೀರು ಹಾಕಿದ್ದೇ ಬಂತು.

1. ಸಂಜೆ ತಣ್ಣೀರಲ್ಲಿ ಬೀಜ ನೆನೆಹಾಕಿ. ಬೀಜದ ಸಿಪ್ಪೆ ತೆಳು, ಕುದಿನೀರು, ಆಸಿಡ್ಡು ಯಾವುದೂ ಬೇಡ.
2. ಬೆಳಗ್ಗೆ ಬಸಿದು, ನೆನೆಸಿ ಹಿಂಡಿದ ಗೋಣಿಯ ಮೇಲೆ ಒಂದೇ ಪದರ ಹರಡಿ, ಮೇಲೊಂದು ಒದ್ದೆ ಗೋಣಿ ಮುಚ್ಚಿ. ಹೆಸರುಕಾಳು ಮೊಳಕೆ ಕಟ್ಟಿದ ಹಾಗೇ.
3. ದಿನಕ್ಕೆರಡು ಸಲ ನೀರು ಚಿಮುಕಿಸಿ. ನೀರು ನಿಲ್ಲಬಾರದು.
4. ಆರೇಳು ದಿನದಿಂದ ಬೇರಿನ ಮೊನೆ ಕಾಣತೊಡಗುತ್ತದೆ. ದಿನಾ ತೆರೆದು ನೋಡಿ, ಮೊನೆ ಅರ್ಧದಿಂದ ಒಂದು ಸೆಂಟಿಮೀಟರ್ ಆದದ್ದನ್ನು ಆಯ್ದು ಅಂದೇ ಚೀಲಕ್ಕೆ ಹಾಕಿ.
5. ಹದಿನೆಂಟು ದಿನ ಕಳೆದರೂ ಅಲುಗದ ಬೀಜ ಎಸೆಯಿರಿ. ತಡವಾಗಿ ಹುಟ್ಟಿದ್ದು ಕೊನೆಯವರೆಗೂ ಬಡಕಲೇ.

ಬಿತ್ತುವಾಗ ಬೇರಿನ ಮೊನೆ ಕೆಳಗೆ. ಇದು ಹೇಳಬೇಕಾದ ಮಾತೇ ಅಲ್ಲ ಅನ್ನಿಸಬಹುದು. ಆದರೆ ತಲೆಕೆಳಗಾಗಿ ಹಾಕಿದ ಬೀಜದ ಬೇರು ಕೊಕ್ಕೆಯಂತೆ ಬಾಗಿ ಕೆಳಗಿಳಿಯುತ್ತದೆ, ಆ ಕೊಕ್ಕೆ ಮರದ ಆಯುಷ್ಯವಿಡೀ ಹಾಗೇ ಇರುತ್ತದೆ. ಎರಡು ವರ್ಷವಾದರೂ ಏಳದ ಗಿಡವನ್ನು ಕಿತ್ತು ನೋಡಿ, ಹತ್ತರಲ್ಲಿ ಕೆಲವಾದರೂ ಈ ಕೊಕ್ಕೆಬೇರಿನವು. ಮೊಳಕೆ ಕಟ್ಟದೆ ಬಿತ್ತುವವರು ಬೀಜದ ಕಣ್ಣು, ಅಂದರೆ ಹುರುಳಿಕಾಳಿನಂತೆ ಒಳಬಾಗಿದ ಬದಿ, ಕೆಳಮುಖವಾಗುವಂತೆ ಇಡಬೇಕು.

ಆಳ ಒಂದೂವರೆ ಎರಡು ಸೆಂಟಿಮೀಟರ್, ಬೆರಳಿನ ಮೊದಲ ಗೆಣ್ಣಿಗಿಂತ ಸ್ವಲ್ಪ ಕಡಿಮೆ. ಹೊಂಗೆಯ ಬೇಳೆ ಮಣ್ಣೊಳಗೇ ಉಳಿಯುತ್ತದೆ, ಕುಡಿ ಮಾತ್ರ ಮೇಲೇಳುತ್ತದೆ. ಬೇಳೆ ಮೇಲೆ ಬರಲಿಲ್ಲ ಅಂತ ಕೆದಕಿ ನೋಡಬೇಡಿ. ಹಾಗೆ ಕೆದಕಿ ಕುಡಿ ಮುರಿದವರು ಬೇಕಾದಷ್ಟಿದ್ದಾರೆ, ಅವರಲ್ಲಿ ನಾನೂ ಒಬ್ಬ.

## ಹಂತ 5: ನಾಲ್ಕು ತಿಂಗಳ ಆರೈಕೆ

ಮೊದಲ ಇಪ್ಪತ್ತು ದಿನ ತೆಂಗಿನ ಗರಿಯ ಚೆದುರು ನೆರಳು. ಆಮೇಲೆ ಗರಿಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಹೊಂಗೆ ಬಿಸಿಲಿನ ಗಿಡ, ನೆರಳಲ್ಲೇ ಬೆಳೆಸಿದರೆ ಕಡ್ಡಿಯಂತೆ ಉದ್ದ ಹೋಗಿ ಬಾಗುತ್ತದೆ.

ನೀರು ಚೀಲಕ್ಕೆ ಸುಮಾರು ನೂರು ಮಿಲಿಲೀಟರ್, 600 ಚೀಲಕ್ಕೆ ದಿನಕ್ಕೆ 60 ಲೀಟರ್, ನಾಲ್ಕೈದು ಕೊಡ. ಏಪ್ರಿಲ್ ಉರಿಯಲ್ಲಿ ಇನ್ನೆರಡು ಕೊಡ ಸೇರಿಸಿ. ಬೆಳಗ್ಗೆಯೇ ಹಾಕಿ. ಪೈಪಿನಿಂದ ನೇರ ಬಿಡಬೇಡಿ, ಬೀಜ ಎದ್ದು ಹೊರಬರುತ್ತದೆ. ಚೀಲವನ್ನು ಕೈಯಲ್ಲೆತ್ತಿ ತೂಕ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೇಲ್ಮಣ್ಣು ಒಣಗಿದ್ದರೂ ಚೀಲ ಭಾರವಿದ್ದರೆ ಅಂದು ನೀರು ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಚೀಲ ಜರುಗಿಸುವ ಕೆಲಸ. ಹೊಂಗೆ ಮೇಲೆ ನಾಲ್ಕು ಎಲೆ ಬಿಡುವಷ್ಟರಲ್ಲಿ ಕೆಳಗೆ ತಾಯಿಬೇರು ತಳ ಮುಟ್ಟಿರುತ್ತದೆ. ಆಮೇಲೆ ಒಂದೋ ತೂತಿನಿಂದ ನೆಲಕ್ಕಿಳಿಯುತ್ತದೆ, ಇಲ್ಲವೇ ತಳದಲ್ಲಿ ಚಕ್ಕುಲಿ ಸುತ್ತುತ್ತದೆ. ಎರಡನೇ ತಿಂಗಳಿಂದ ಮೂರು ವಾರಕ್ಕೊಮ್ಮೆ ಪ್ರತಿ ಚೀಲ ಎತ್ತಿ, ಹೊರಬಂದ ಬೇರು ಕತ್ತರಿಸಿ, ಜಾಗ ಬದಲಿಸಿ. ಆ ದಿನ ಸಂಜೆ ಚೆನ್ನಾಗಿ ನೀರು ಕೊಡಿ. ಒಂದು ವರ್ಷ ನಾನು ಮದುವೆ ಗಲಾಟೆಯಲ್ಲಿ ಇದನ್ನು ಮರೆತೆ. ಜುಲೈನಲ್ಲಿ ಚೀಲ ಎತ್ತಿದಾಗ ಬೇರುಗಳು ಪಟಪಟ ಹರಿದು, ನೆಟ್ಟ ಸಸಿಯಲ್ಲಿ ಕಾಲುಭಾಗ ಹದಿನೈದೇ ದಿನಕ್ಕೆ ಒಣಗಿದವು.

ಜರುಗಿಸುವಾಗಲೇ ಎತ್ತರದ ಪ್ರಕಾರ ವಿಂಗಡಿಸಿ. ಚಿಕ್ಕವನ್ನು ಒಂದು ಕಡೆ ಸೇರಿಸಿದರೆ ಅವಕ್ಕೂ ಬಿಸಿಲು ಸಿಗುತ್ತದೆ.

ಎಚ್ಚರಿಕೆಯ ಗುರುತುಗಳು

ಕಾಂಡ ಬುಡದಲ್ಲಿ ಕಪ್ಪಾಗಿ ಸಸಿ ಮಗುಚಿದರೆ ಬುಡಕೊಳೆ. ನೀರು ಜಾಸ್ತಿ, ಗಾಳಿ ಕಡಿಮೆ. ಆ ಚೀಲಗಳನ್ನು ತೆಗೆದು ದೂರ ಹಾಕಿ, ಎರಡು ದಿನ ನೀರು ನಿಲ್ಲಿಸಿ, ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಒಂದೊಂದು ಚಿಟಿಕೆ ಬುಡಕ್ಕೆ ಕೊಡಿ.

ಎಲೆಯ ಮೇಲೆ ಬಿಳಿ ಹಾವಾಡಿದಂತೆ ಗೆರೆ, ಬೊಕ್ಕೆ ಬಂದರೆ ಎಲೆ ಕೊರೆಯುವ ಹುಳು. ಹಾಗಿರುವ ಎಲೆ ಕಿತ್ತು ಸುಡಿ. ಮತ್ತೆ ಕಂಡರೆ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ಸಿಂಪಡಿಸಿ.

ಕೆಳಗಿನ ಎಲೆ ಹಳದಿಯಾದರೆ ತಕ್ಷಣ ಯೂರಿಯಾಕ್ಕೆ ಕೈ ಹಾಕಬೇಡಿ. ಒಂದು ಸಸಿ ಬಲಿಕೊಟ್ಟು ಬೇರು ತೊಳೆದು ನೋಡಿ. ಸಣ್ಣ ಗಂಟುಗಳಿವೆಯೇ, ಒಡೆದರೆ ಒಳಗೆ ನಸುಗೆಂಪು ಇದೆಯೇ? ಇದ್ದರೆ ಸಾರಜನಕದ ಕೊರತೆಯಲ್ಲ, ಬಹುಶಃ ನೀರು ಬಸಿಯುತ್ತಿಲ್ಲ. ಗಂಟೇ ಇಲ್ಲದಿದ್ದರೆ ಹಳೇ ಮರದ ಬುಡದ ಮಣ್ಣನ್ನು ನೀರಲ್ಲಿ ಕದಡಿ, ಆ ಬಗ್ಗಡವನ್ನು ಒಂದೊಂದು ಲೋಟ ಹಾಕಿ.

## ಹಂತ 6: ಕಸಿ ಕಟ್ಟುವುದು

ಸೀಳುಕಸಿಯೇ ಸುಲಭ. ಮಾವು, ಗೋಡಂಬಿಗೆ ಕಟ್ಟಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಗೊತ್ತಿಲ್ಲದವರು ಮೊದಲ ಐವತ್ತನ್ನು ಕಲಿಕೆಗೆ ಅಂತಲೇ ತೆಗೆದಿಡಿ. ರಸ್ತೆಬದಿಯಲ್ಲಿ ತಾನಾಗಿ ಹುಟ್ಟಿದ ಹೊಂಗೆ ಗಿಡ ಇದಕ್ಕೆ ಚೆನ್ನು. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರು ಮಾಡಿದ ಜೈವಿಕ ಇಂಧನ ಉದ್ಯಾನ ಇದೆ. ಓದಿ ತಿಳಿಯದ ಕೈಚಳಕ ಅಂಥ ಕಡೆ ಒಂದು ಗಳಿಗೆ ನಿಂತು ನೋಡಿದರೆ ಬರುತ್ತದೆ.

ಕಡ್ಡಿ ತಯಾರಿ. ಗುರುತಿಟ್ಟ ಮರದಲ್ಲಿ ಬಿಸಿಲು ಬೀಳುವ ಮೇಲ್ಕೊಂಬೆಯ, ಹೋದ ವರ್ಷ ಚಿಗುರಿ ಬಲಿತ, ಪೆನ್ಸಿಲ್ ದಪ್ಪದ ತುದಿ ಆರಿಸಿ. ಕತ್ತರಿಸುವ ಎಂಟು ಹತ್ತು ದಿನ ಮೊದಲು ಎಲೆಗಳನ್ನು ಸವರಿ ತೊಟ್ಟು ಮಾತ್ರ ಬಿಡಿ. ತೊಟ್ಟಿಗೆ ಬೆರಳು ತಾಗಿಸಿದರೆ ತಾನಾಗಿ ಬಿದ್ದು, ಪಕ್ಕದ ಕಣ್ಣು ಉಬ್ಬಿದ್ದರೆ ಕಡ್ಡಿ ಸಿದ್ಧ. ಕಣ್ಣು ಒಡೆದು ಹಸಿರು ಕಂಡರೆ ತಡವಾಯಿತು.

ಬೆಳಗ್ಗೆ ತಂಪಲ್ಲಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ. ಅಂದೇ ಮುಗಿಸಿ. ಬೈಕಿನ ಹಿಂದೆ ಬಿಸಿಲಲ್ಲಿ ಕಟ್ಟಿಕೊಂಡು ಮೂವತ್ತು ಮೈಲಿ ಬಂದ ಕಡ್ಡಿ ನೋಡಲು ಹಸಿರಾಗಿದ್ದರೂ ಹತ್ತುವುದು ಅಷ್ಟಕ್ಕಷ್ಟೇ. ಪ್ರತಿ ಮರದ ಕಡ್ಡಿಗೆ ಬೇರೆ ಬಣ್ಣದ ದಾರ ಕಟ್ಟಿ, ಇಲ್ಲದಿದ್ದರೆ ಯಾವುದು ಯಾವ ಮರದ್ದು ಅನ್ನುವ ಲೆಕ್ಕ ಅಂದೇ ತಪ್ಪುತ್ತದೆ.

ಕಟ್ಟುವ ಕ್ರಮ

1. ಬೇರುಸಸಿಯನ್ನು ನೆಲದಿಂದ ಆರರಿಂದ ಎಂಟು ಇಂಚಿಗೆ ಕತ್ತರಿಸಿ. ಕೆಳಗೆ ಒಂದೆರಡು ಎಲೆ ಇರಲಿ.
2. ತಲೆಯ ಮಧ್ಯಕ್ಕೆ ಒಂದೂವರೆ ಇಂಚು ಸೀಳಿ.
3. ನಾಲ್ಕೈದು ಇಂಚಿನ, ಮೂರು ನಾಲ್ಕು ಕಣ್ಣಿರುವ ಕಡ್ಡಿಯ ಬುಡವನ್ನು ಎರಡೂ ಬದಿ ಅಷ್ಟೇ ಉದ್ದಕ್ಕೆ ಬೆಣೆಯಂತೆ ಸವರಿ. ಬದಿಗೆ ಒಂದೇ ಎಳೆತ. ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿದರೆ ನಡುವೆ ಗಾಳಿ ಉಳಿಯುತ್ತದೆ.
4. ಸೀಳಿಗೆ ಇಳಿಸಿ. ದಪ್ಪ ಒಂದೇ ಆಗಿಲ್ಲದಿದ್ದರೆ ನಡುವಿಗೆ ಇಡಬೇಡಿ, ಒಂದು ಬದಿಯ ತೊಗಟೆಗೆ ತೊಗಟೆ ಕೂಡುವಂತೆ ಸರಿಸಿ. ಬೆಸೆಯುವುದು ತೊಗಟೆಯ ಒಳಪದರವೇ ಹೊರತು ನಡುವಿನ ಕಟ್ಟಿಗೆ ಅಲ್ಲ.
5. ಪಟ್ಟಿಯನ್ನು ಕೆಳಗಿಂದ ಮೇಲಕ್ಕೆ ಎಳೆದು ಬಿಗಿಯಾಗಿ ಸುತ್ತಿ.
6. ಐಸ್ ಕ್ಯಾಂಡಿ ಕವರನ್ನು ಟೋಪಿಯಂತೆ ಹಾಕಿ ಪಟ್ಟಿಯ ಕೆಳಗೆ ಕಟ್ಟಿ.

ಸೀಳಿದ್ದಕ್ಕೂ ಕಟ್ಟಿದ್ದಕ್ಕೂ ನಡುವೆ ಒಂದು ನಿಮಿಷ ದಾಟಬಾರದು. ಸವರಿದ ಭಾಗಕ್ಕೆ ಬೆರಳು ತಾಗಬಾರದು. ಚಾಕು ಮೊಂಡಾದ ಕೂಡಲೇ ಮಸೆಯಿರಿ. ಶೇವಿಂಗ್ ಬ್ಲೇಡು ಬಾಗುತ್ತದೆ, ಬೆಣೆ ಸೊಟ್ಟವಾಗುತ್ತದೆ.

ಸುಳ್ಳು ಚಿಗುರು. ಏಳೆಂಟು ದಿನಕ್ಕೇ ಕಣ್ಣೊಡೆದರೆ ಹಿಗ್ಗಬೇಡಿ. ಕಡ್ಡಿ ತನ್ನಲ್ಲಿದ್ದ ಸತ್ವದಿಂದಲೇ ಚಿಗುರುತ್ತಿರುತ್ತದೆ, ಬೆಸುಗೆ ಇನ್ನೂ ಆಗಿರುವುದಿಲ್ಲ. ಈ ಹಂತದಲ್ಲಿ ಟೋಪಿ ತೆಗೆದವರ ಕಸಿಯೇ "ಚಿಗುರಿ ಒಣಗಿತು" ಅನ್ನಿಸಿಕೊಳ್ಳುವುದು. ಮೂರು ವಾರವಾಗಿ, ಎರಡು ಎಲೆ ಪೂರ್ತಿ ಬಿಚ್ಚಿದ ಮೇಲೆ, ಸಂಜೆ ಹೊತ್ತು ಟೋಪಿಯ ತುದಿ ಕತ್ತರಿಸಿ. ಎರಡು ದಿನ ಬಿಟ್ಟು ಪೂರ್ತಿ ತೆಗೆಯಿರಿ.

ಕಸಿಯ ಕೆಳಗೆ ಬರುವ ಚಿಗುರನ್ನು ವಾರಕ್ಕೊಮ್ಮೆ ಚಿವುಟಲೇಬೇಕು. ಬಿಟ್ಟರೆ ಅದೇ ರಾಜ. ಮೇಲಿನ ಕಡ್ಡಿ ಸತ್ತು ಕೆಳಚಿಗುರು ಬೆಳೆದ ಗಿಡವನ್ನು ಕಸಿ ಸಸಿ ಅಂತ ಮಾರುವುದೂ ಉಂಟು. ಕೊಳ್ಳುವವರು ಬೆಣೆಯ ಗುರುತು ಹುಡುಕಿ, ಕುಡಿ ಅದರ ಮೇಲಿಂದ ಹೊರಟಿದೆಯೇ ಅಂತ ನೋಡಿ ಹಣ ಕೊಡಿ. ಎರಡು ಮೂರು ತಿಂಗಳಿಗೆ ಪಟ್ಟಿಯನ್ನು ಹಿಂದಿನಿಂದ ಸೀಳಿ ಬಿಡಿಸಿ. ಮರೆತರೆ ಕಾಂಡಕ್ಕೆ ಉರುಳು ಬಿಗಿಯುತ್ತದೆ.

ಹೊಲದಲ್ಲೇ ಕಟ್ಟುವವರಿಗೆ ಎರಡು ಮಾತು ಹೆಚ್ಚಿಗೆ. ಫೆಬ್ರವರಿಯ ಒಣನೆಲದಲ್ಲಿ ಗಿಡದ ರಸ ಬತ್ತಿರುತ್ತದೆ. ಕಸಿಗೆ ವಾರ ಮುಂಚಿನಿಂದ ಎರಡು ಸಲ ಗಿಡಕ್ಕೊಂದು ಕೊಡ ನೀರು ಕೊಡಿ. ಕಟ್ಟಿದ ಮೇಲೆ ಟೋಪಿಗೆ ಹಳೇ ಪೇಪರಿನ ಕೊಳವೆ ತೊಡಿಸಿ, ಬಿಸಿಲಿಗೆ ಕವರಿನೊಳಗೆ ಬೇಯುವುದು ತಪ್ಪುತ್ತದೆ. ಚೀಲಕ್ಕಿಂತ ಹೊಲದಲ್ಲಿ ತುಸು ಕಡಿಮೆ ಹತ್ತುತ್ತದೆ. ಆದರೆ ತಪ್ಪಿದ ಗಿಡ ಸಾಯುವುದಿಲ್ಲ, ಕೆಳಗಿಂದ ಚಿಗುರಿ ಮುಂದಿನ ವರ್ಷಕ್ಕೆ ಮತ್ತೆ ಸಿಗುತ್ತದೆ.

ಚೀಲದಲ್ಲಿ ಕಟ್ಟುವವರು 8×12 ಇಂಚಿಗಿಂತ ಚಿಕ್ಕದು ಬಳಸಬೇಡಿ. ಇದಕ್ಕೆ ಮೂರೂವರೆ ಲೀಟರ್ ಮಣ್ಣು, ಅಂದರೆ ಚಿಕ್ಕ ಚೀಲದ ಎರಡರಷ್ಟಕ್ಕೂ ಹೆಚ್ಚು. ಬೆಲೆ ಕಟ್ಟುವಾಗ ಇದನ್ನು ಮರೆಯಬೇಡಿ.

## ಹಂತ 7: ನಾಟಿ

ಹದಿನೈದು ದಿನ ಮೊದಲು ನೆರಳೆಲ್ಲ ತೆಗೆದು, ನೀರನ್ನು ದಿನ ಬಿಟ್ಟು ದಿನಕ್ಕೆ ಇಳಿಸಿ. ಒಂದೂವರೆ ಅಡಿ ಉದ್ದ-ಅಗಲ-ಆಳದ ಗುಂಡಿಯನ್ನು ಬೇಸಿಗೆಯಲ್ಲೇ ತೆಗೆದು ಬಿಸಿಲು ತಿನ್ನಿಸಿ. ಚೀಲ ಸೀಳುವಾಗ ತಳದ ಒಂದಿಂಚನ್ನು ಮಣ್ಣಿನ ಸಮೇತ ಕತ್ತರಿಸಿ ಎಸೆಯಿರಿ, ಸುತ್ತಿದ ಬೇರು ಅಲ್ಲೇ ಇರುವುದು. ಪ್ಲಾಸ್ಟಿಕ್ಕನ್ನು ಗುಂಡಿಯಲ್ಲಿ ಬಿಡಬೇಡಿ. ಕಸಿಯ ಗಂಟು ನೆಲದಿಂದ ಮೇಲೇ ಇರಲಿ.

ಬದುವಿನಲ್ಲಿ ಗಿಡದಿಂದ ಗಿಡಕ್ಕೆ ಹದಿನಾರು ಅಡಿ. ಪಕ್ಕದವರ ಗಡಿಯಿಂದ ಒಳಗೆ ಸರಿದು ನೆಡಿ. ಹೊಂಗೆ ನೆರಳು ನಮಗೆ ತಂಪು, ಪಕ್ಕದ ರಾಗಿ ಹೊಲದವನಿಗೆ ತಕರಾರು. ದನ ಹೊಂಗೆ ಸೊಪ್ಪಿಗೆ ಅಷ್ಟಾಗಿ ಆಸೆಪಡುವುದಿಲ್ಲ, ಆದರೆ ಎಳೆ ಸಸಿಯನ್ನು ತುಳಿಯುತ್ತದೆ. ಮೊದಲ ವರ್ಷ ಒಂದಿಷ್ಟು ಮುಳ್ಳು ಸುತ್ತಿ.

## ದುಡ್ಡು ಉಳಿಯುವುದೆಲ್ಲಿ, ಸೋರುವುದೆಲ್ಲಿ

ಬೀಜ, ಬುಡದ ಮಣ್ಣು, ಕಡ್ಡಿ, ನೆರಳು ಇವಕ್ಕೆಲ್ಲ ಕಾಸಿಲ್ಲ. ಖರ್ಚು ಇರುವುದು ಚೀಲ, ಮರಳು, ಕೂಲಿಯಲ್ಲಿ. ಮನೆಯ ಇಬ್ಬರು ಕೂತರೆ ಒಂದೂವರೆ ದಿನದಲ್ಲಿ 600 ಚೀಲ ತುಂಬಬಹುದು. ಸೋರುವುದು ಮೂರು ಕಡೆ: ಬೇರು ಹುಟ್ಟಿಸುವ ಪುಡಿ ಕೊಂಡು ಕಡ್ಡಿ ನೆಡುವ ಪ್ರಯೋಗ (ಹತ್ತಿದರೂ ತಾಯಿಬೇರು ಇರುವುದಿಲ್ಲ, ಮಳೆಯಾಶ್ರಿತ ನೆಲಕ್ಕೆ ಅದು ಆಗದು), ಬೇಕಾದ್ದಕ್ಕಿಂತ ಎರಡರಷ್ಟು ಸಸಿ ಮಾಡಿ ಚೀಲದಲ್ಲೇ ಮುದಿಯಾಗಲು ಬಿಡುವುದು, ಮತ್ತೆ ಔಷಧಿ ಅಂಗಡಿ.

ಇನ್ನೊಂದು ಲೆಕ್ಕ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನ ಇದೆ, ಆದರೆ ಅದು ಇಲಾಖೆಯ ಸಸ್ಯಕ್ಷೇತ್ರದಿಂದ ಪಡೆದ ಸಸಿಗೆ. ಹಾಗಾಗಿ ಕೆಲವರು ಅಲ್ಲಿಯ ಬೀಜದ ಸಸಿಯನ್ನೇ ತಂದು ನೆಟ್ಟು, ಮರುವರ್ಷ ತಮ್ಮ ಮರದ ಕಡ್ಡಿ ಕಟ್ಟುತ್ತಾರೆ. ನೂರಿನ್ನೂರು ಗಿಡದವರು ಚೀಲ ತುಂಬುವ ಮೊದಲು ವಲಯ ಅರಣ್ಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ.

## ಬೇವು, ಹಿಪ್ಪೆ, ಸಿಮರೂಬ ಹಾಕುವವರಿಗೆ

ಚೀಲ, ಮಣ್ಣು, ಚೀಲ ಜರುಗಿಸುವ ಕೆಲಸ ಎಲ್ಲ ಇದೇ. ಬದಲಾಗುವುದು ಬೀಜದ ಗಡುವು. ಹೊಂಗೆ ಬೀಜ ಕಾಯಿಯಲ್ಲಿ ಕೆಲವು ತಿಂಗಳು ಕಾಯುತ್ತದೆ, ಬೇವು, ಹಿಪ್ಪೆ ಕಾಯುವುದಿಲ್ಲ. ಬೇವಿನ ಹಣ್ಣು ಮಳೆಗಾಲದ ಆರಂಭಕ್ಕೆ ಉದುರುತ್ತದೆ. ತಿರುಳು ತೊಳೆದು, ನೆರಳಲ್ಲಿ ಎರಡು ದಿನ ಆರಿಸಿ, ಎರಡು ವಾರದೊಳಗೆ ಬಿತ್ತಬೇಕು. ಹಿಪ್ಪೆಗೂ ಅಷ್ಟೇ ಅವಸರ, ಬಿದ್ದ ವಾರದಲ್ಲೇ ಬಿತ್ತಿದರೆ ಒಳ್ಳೆಯದು. ಎರಡಕ್ಕೂ ಬಿತ್ತನೆ ಮಳೆಗಾಲದಲ್ಲಿ, ನಾಟಿ ಮುಂದಿನ ವರ್ಷ. ಹಾಗಾಗಿ ದೊಡ್ಡ ಚೀಲವೇ ಬೇಕು.

ಸಿಮರೂಬ, ಅಂದರೆ ಲಕ್ಷ್ಮೀತರು, ಅದರದ್ದು ಬೇರೆ ತೊಡಕು. ಅದರಲ್ಲಿ ಬಹುಮಟ್ಟಿಗೆ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಬೀಜದಿಂದ ಬೆಳೆಸಿದರೆ ಅರ್ಧದಷ್ಟು ಗಂಡಾಗಿ ಒಂದು ಕಾಯಿಯನ್ನೂ ಕೊಡದೇ ಹೋಗಬಹುದು, ಅದು ತಿಳಿಯುವುದು ಹೂ ಬಿಟ್ಟ ಮೇಲೆ. ಬೀಜದ ಸಿಮರೂಬ ಸಸಿಯನ್ನು ಎಣ್ಣೆಗಾಗಿ ಕೊಳ್ಳಲೇಬೇಡಿ. ಕಾಯಿ ಬಿಟ್ಟದ್ದನ್ನು ಕಣ್ಣಾರೆ ಕಂಡ ಮರದ ಕಡ್ಡಿಯನ್ನೇ ಕಟ್ಟಿ, ಪರಾಗಕ್ಕೆ ಅಲ್ಲೊಂದು ಇಲ್ಲೊಂದು ಗಂಡುಗಿಡ ಉಳಿಸಿಕೊಳ್ಳಿ. ಈಗಾಗಲೇ ಬೀಜದ ಗಿಡ ನೆಟ್ಟು ಗಂಡಾಗಿ ನಿಂತಿದ್ದರೆ ಬುಡಸಮೇತ ಕೀಳುವುದು ಬೇಡ. ಮೊಣಕಾಲೆತ್ತರಕ್ಕೆ ಕಡಿದು, ಬಂದ ಚಿಗುರಲ್ಲಿ ಗಟ್ಟಿಯಾದ ಒಂದನ್ನು ಉಳಿಸಿ, ಅದು ಪೆನ್ಸಿಲ್ ದಪ್ಪಕ್ಕೆ ಬಂದಾಗ ಹೆಣ್ಣುಮರದ ಕಡ್ಡಿ ಕಟ್ಟಿ.